ಕಾಲೇಜ್ ಫುಟ್‌ಬಾಲ್‌ನಲ್ಲಿ ಕಾನ್ಫರೆನ್ಸ್ ಒಡೆದದ್ದು ಹೇಗೆ, ಅಭಿಮಾನಿಗಳು ಕಳೆದುಕೊಂಡದ್ದೇನು

ಆಗಸ್ಟ್ ಮುಗಿಯುತ್ತಿದ್ದ ಹಾಗೆ ಸಿಯಾಟಲ್ ಸುತ್ತಮುತ್ತಲಿನ ಆಫೀಸುಗಳಲ್ಲಿ ಶುಕ್ರವಾರ ಎರಡು ಬಣ್ಣ ಎದ್ದು ಕಾಣುತ್ತವೆ. ನೇರಳೆ ಶರ್ಟ್ ಹಾಕಿದವರು ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಕಡೆಯವರು. ಕಡುಗೆಂಪು ಶರ್ಟ್‌ನವರು ವಾಷಿಂಗ್ಟನ್ ಸ್ಟೇಟ್ ಕಡೆಯವರು. ಕಾಲೇಜು ಬಿಟ್ಟು ಎಷ್ಟೋ ವರ್ಷ ಆಗಿದ್ದರೂ ಬಣ್ಣ ಬಿಟ್ಟಿರುವುದಿಲ್ಲ. ಇದೆಲ್ಲ ಎರಡು ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್ ತಂಡಗಳಿಗಾಗಿ. ಹೊಸದಾಗಿ ಬಂದ ನಮ್ಮವರು ಇದನ್ನೇ ಎನ್‌ಎಫ್‌ಎಲ್ ಅಂದುಕೊಳ್ಳುವುದುಂಟು. ಎನ್‌ಎಫ್‌ಎಲ್ ಸಂಬಳದ ಆಟಗಾರರದ್ದು, ಹೆಚ್ಚಾಗಿ ಭಾನುವಾರ ನಡೆಯುತ್ತದೆ. ಇದು ಕಾಲೇಜು ಹುಡುಗರ ಆಟ, ಶನಿವಾರದ್ದು. ಕಾಲೇಜು ಅಂದ ತಕ್ಷಣ ಸಣ್ಣದು ಅಂದುಕೊಳ್ಳಬೇಡಿ. ಮಿಶಿಗನ್ ಯೂನಿವರ್ಸಿಟಿಯ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು.

ಕೆಲವು ವರ್ಷಗಳಿಂದ ಈ ಆಟದ ಮಾತು ಬಂದಾಗೆಲ್ಲ ಇಲ್ಲಿನವರ ದನಿಯಲ್ಲಿ ಒಂದು ಸಿಟ್ಟು, ಒಂದು ಬೇಸರ ಇರುತ್ತದೆ. "ಕಾನ್ಫರೆನ್ಸ್ ಹಾಳಾಯಿತು" ಅನ್ನುತ್ತಾರೆ. ಹಿನ್ನೆಲೆ ಗೊತ್ತಿಲ್ಲದಿದ್ದರೆ ಆ ಮಾತು ತಲೆಬುಡ ಅರ್ಥ ಆಗುವುದಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜನ ತಮ್ಮ ಕಾಲೇಜಿನ ಮೇಲಿನ ಅಭಿಮಾನ ಬಿಟ್ಟಿಲ್ಲ. ಆದರೆ ಪ್ರತಿ ವರ್ಷ ಸೆಣಸಲು ಸಿಗುತ್ತಿದ್ದ ನೆರೆಯ ಎದುರಾಳಿಯನ್ನು ಅವರಿಂದ ಕಿತ್ತುಕೊಂಡರು. ನೋವು ಇರುವುದು ಅಲ್ಲಿ.

ಕಾನ್ಫರೆನ್ಸ್ ಅಂದರೇನು

ಹಿಂದೆ ರಣಜಿ ಟ್ರೋಫಿಯಲ್ಲಿ ದಕ್ಷಿಣ ವಲಯ ಅಂತ ಇತ್ತು, ನೆನಪಿದೆಯಾ? ಕರ್ನಾಟಕಕ್ಕೆ ತಮಿಳುನಾಡು, ಹೈದರಾಬಾದ್, ಕೇರಳ, ಆಂಧ್ರ ಪ್ರತಿ ವರ್ಷ ಎದುರಾಗಲೇಬೇಕು. 2002-03ರಲ್ಲಿ ವಲಯಗಳನ್ನು ತೆಗೆದು ಎಲೈಟ್, ಪ್ಲೇಟ್ ಅಂತ ಮಾಡಿದರು. ತಮಿಳುನಾಡಿನ ಮೇಲೆ ವರ್ಷಕ್ಕೊಂದು ಪಂದ್ಯ ಇದ್ದೇ ಇರುತ್ತದೆ ಅನ್ನುವ ಖಾತ್ರಿ ಅಲ್ಲಿಗೆ ಹೋಯಿತು. ಕಾನ್ಫರೆನ್ಸ್ ಅಂದರೆ ಅಂಥದ್ದೇ ಒಂದು ವಲಯ.

ದೊಡ್ಡ ವ್ಯತ್ಯಾಸ ಒಂದಿದೆ. ರಣಜಿಯಲ್ಲಿ ಗುಂಪು ಮಾಡುವುದು ಬಿಸಿಸಿಐ. ಇಲ್ಲಿ ಕಾನ್ಫರೆನ್ಸ್ ಅನ್ನುವುದು ಕಾಲೇಜುಗಳೇ ಸೇರಿ ಕಟ್ಟಿಕೊಂಡ ಕೂಟ. ಕಾಲೇಜು ಕ್ರೀಡೆಗಳಿಗೆ ಎನ್‌ಸಿಎಎ ಅನ್ನುವ ಸಂಸ್ಥೆ ಇದೆ. ಆದರೆ ಯಾವ ಕಾಲೇಜು ಯಾವ ಕೂಟಕ್ಕೆ ಸೇರಬೇಕು ಅಂತ ಅದು ಹೇಳುವುದಿಲ್ಲ. ಬೇರೆ ಕೂಟ ಕರೆದರೆ, ಇರುವ ಒಪ್ಪಂದ ಮುಗಿಸಿಯೋ ದುಡ್ಡು ಕಟ್ಟಿಯೋ ಎದ್ದು ಹೋಗಬಹುದು.

ಹೆಸರು ನೋಡಿ ಲೆಕ್ಕ ಹಾಕಬೇಡಿ. ಬಿಗ್ ಟೆನ್‌ನಲ್ಲಿ 18 ಕಾಲೇಜುಗಳಿವೆ. ಬಿಗ್ 12ರಲ್ಲಿ 16. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಅಂದರೆ ಎಸಿಸಿಯಲ್ಲಿ, ಪೆಸಿಫಿಕ್ ಕಡೆಯ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಇವೆ. ದಕ್ಷಿಣದ ರಾಜ್ಯಗಳ ದೊಡ್ಡ ಕೂಟ ಎಸ್‌ಇಸಿ.

ದುಡ್ಡು ಎಲ್ಲಿಂದ ಬಂತು

1984ರವರೆಗೆ ಯಾವ ಪಂದ್ಯ ಟಿವಿಯಲ್ಲಿ ಬರಬೇಕು, ಒಂದು ತಂಡ ಎಷ್ಟು ಸಲ ಬರಬೇಕು ಅಂತ ಎನ್‌ಸಿಎಎ ತೀರ್ಮಾನ ಮಾಡುತ್ತಿತ್ತು. ಓಕ್ಲಹೋಮ ಮತ್ತು ಜಾರ್ಜಿಯ ಯೂನಿವರ್ಸಿಟಿಗಳು ಕೋರ್ಟಿಗೆ ಹೋದವು. ಸುಪ್ರೀಂ ಕೋರ್ಟ್ 7-2ರಿಂದ ಅವರ ಪರ ತೀರ್ಪು ಕೊಟ್ಟಿತು. ಅಲ್ಲಿಂದಾಚೆ ಟಿವಿ ಹಕ್ಕು ಕಾಲೇಜು ಮತ್ತು ಕಾನ್ಫರೆನ್ಸ್‌ಗಳ ಕೈಗೆ ಬಂತು. ಹೆಸರಾಂತ ತಂಡಗಳು ಜಾಸ್ತಿ ಇದ್ದಷ್ಟೂ ಟಿವಿಯವರು ಜಾಸ್ತಿ ಕೊಡುತ್ತಾರೆ. 2022ರಲ್ಲಿ ಬಿಗ್ ಟೆನ್ ಕೂಟ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜತೆ ಏಳು ವರ್ಷದ ಒಪ್ಪಂದ ಮಾಡಿಕೊಂಡಿತು. ಅದರ ಮೊತ್ತ 7 ಬಿಲಿಯನ್ ಡಾಲರ್‌ಗೂ ಮೇಲೆ ಅಂತ ಆಗ ವರದಿಯಾಯಿತು.

ಇಂಥ ದುಡ್ಡು ಒಂದು ಕಡೆ ಇರುವಾಗ ಬೇರೆ ಕಡೆ ಇದ್ದವರು ಸುಮ್ನೆ ಕೂರುವುದಿಲ್ಲ. 2021ರ ಜುಲೈನಲ್ಲಿ ಟೆಕ್ಸಾಸ್ ಮತ್ತು ಓಕ್ಲಹೋಮ ಯೂನಿವರ್ಸಿಟಿಗಳು ಬಿಗ್ 12 ಬಿಟ್ಟು ಎಸ್‌ಇಸಿ ಕಡೆ ಹೊರಟವು. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ ಎರಡೂ ಪ್ಯಾಕ್-12 ಬಿಟ್ಟು ಬಿಗ್ ಟೆನ್‌ಗೆ ಹೋಗುತ್ತೇವೆ ಅಂದವು. ಮರುವರ್ಷ ಕೊಲೊರಾಡೊ ಬಿಗ್ 12ಕ್ಕೆ ವಾಪಸು ಹೋಗುತ್ತೇನೆ ಅಂದಿತು.

ಪ್ಯಾಕ್-12 ನಮ್ಮ ಪಶ್ಚಿಮ ಕರಾವಳಿಯ ಕೂಟ. ಅದರ ಬೇರು 1915ರ ಡಿಸೆಂಬರ್‌ನಲ್ಲಿ ಪೋರ್ಟ್‌ಲೆಂಡ್‌ನಲ್ಲಿ ನಡೆದ ಒಂದು ಸಭೆಯಲ್ಲಿದೆ. ಬರ್ಕ್ಲಿಯ ಕ್ಯಾಲಿಫೋರ್ನಿಯ, ಓರೆಗನ್, ವಾಷಿಂಗ್ಟನ್ ಯೂನಿವರ್ಸಿಟಿಗಳು ಮತ್ತು ಈಗಿನ ಓರೆಗನ್ ಸ್ಟೇಟ್ ಸೇರಿ ಕಟ್ಟಿದ್ದು. ಅದು ಮುರಿದು ಬಿದ್ದದ್ದು 2023ರ ಆಗಸ್ಟ್ 4ರಂದು. ಆ್ಯಪಲ್ ಕಂಪನಿ ಕೊಡಲು ಬಂದಿದ್ದ ಸ್ಟ್ರೀಮಿಂಗ್ ಒಪ್ಪಂದಕ್ಕೆ ಉಳಿದವರು ಸಹಿ ಹಾಕಿ ಕೂಟ ಉಳಿಸುತ್ತಾರೆ ಅನ್ನುವ ನಂಬಿಕೆ ಬೆಳಗ್ಗೆವರೆಗೂ ಇತ್ತು. ಸಂಜೆ ಹೊತ್ತಿಗೆ ಓರೆಗನ್, ವಾಷಿಂಗ್ಟನ್ ಎರಡೂ ಬಿಗ್ ಟೆನ್‌ಗೆ ಹೋಗುವುದು ನಿಶ್ಚಯವಾಗಿತ್ತು. ಅರಿಜೋನ, ಅರಿಜೋನ ಸ್ಟೇಟ್, ಯೂಟಾ ಮೂರೂ ಬಿಗ್ 12ರ ದಾರಿ ಹಿಡಿದವು. ಸೆಪ್ಟೆಂಬರ್ 1ಕ್ಕೆ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಕೂಡ ಎಸಿಸಿಗೆ ಹೋದವು. ಅವುಗಳ ಜತೆ ಸೇರಿದ ಡಲ್ಲಾಸ್‌ನ ಎಸ್‌ಎಂಯು, ಸೇರಿಸಿಕೊಂಡರೆ ಸಾಕು ಅಂತ ಒಂಬತ್ತು ವರ್ಷ ಟಿವಿ ಪಾಲೇ ಬೇಡ ಅಂದಿತು.

ಕೊನೆಗೆ ಉಳಿದವು ಎರಡೇ, ವಾಷಿಂಗ್ಟನ್ ಸ್ಟೇಟ್ ಮತ್ತು ಓರೆಗನ್ ಸ್ಟೇಟ್. ಎರಡೂ ಸಣ್ಣ ಊರಿನ ಕಾಲೇಜುಗಳು. ಟಿವಿ ನೋಡುವ ಮನೆಗಳ ಲೆಕ್ಕದಲ್ಲಿ ಕಮ್ಮಿ ಬಿದ್ದವು ಅನ್ನುವುದಷ್ಟೇ ಅವುಗಳ ತಪ್ಪು. 2024 ಮತ್ತು 2025ರಲ್ಲಿ ಪ್ಯಾಕ್-12 ಎರಡೇ ತಂಡಗಳ ಕೂಟವಾಗಿತ್ತು. 2026ರ ಜುಲೈನಿಂದ ಬಾಯ್ಸಿ ಸ್ಟೇಟ್, ಸ್ಯಾನ್ ಡಿಯೇಗೊ ಸ್ಟೇಟ್, ಫ್ರೆಸ್ನೊ ಸ್ಟೇಟ್ ಮುಂತಾದವುಗಳನ್ನು ಸೇರಿಸಿಕೊಂಡು ಹೊಸ ರೂಪ ಪಡೆಯುವುದು ಅಂತ ಗೊತ್ತಾಯಿತು.

ಆ್ಯಪಲ್ ಕಪ್

ಇನ್ನು ಅಭಿಮಾನಿಗಳ ವಿಷಯ. ವಾಷಿಂಗ್ಟನ್ ಮತ್ತು ವಾಷಿಂಗ್ಟನ್ ಸ್ಟೇಟ್ ಮೊದಲು ಆಡಿದ್ದು 1900ರಲ್ಲಿ. ಸೇಬಿನ ರಾಜ್ಯವಾದ್ದರಿಂದ 1962ರಿಂದ ಆ ಪಂದ್ಯಕ್ಕೆ ಆ್ಯಪಲ್ ಕಪ್ ಅಂತ ಹೆಸರು. ಎಷ್ಟೋ ವರ್ಷ ಅದು ಸೀಸನ್ನಿನ ಕೊನೆಯ ಪಂದ್ಯ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದ್ದಾಗಿತ್ತು. ಹಬ್ಬಕ್ಕೆ ಅಣ್ಣ ತಮ್ಮ, ಅತ್ತೆ ಮಾವ ಎಲ್ಲ ಒಂದೇ ಮನೆಯಲ್ಲಿ ಸೇರಿರುತ್ತಿದ್ದರು. ಅರ್ಧ ಜನ ನೇರಳೆ, ಅರ್ಧ ಜನ ಕಡುಗೆಂಪು. ಊಟದ ಮೇಜಿನ ಮೇಲೇ ಛೇಡಿಸುವುದು ಶುರುವಾಗುತ್ತಿತ್ತು. ಸಿಯಾಟಲ್‌ನಿಂದ ವಾಷಿಂಗ್ಟನ್ ಸ್ಟೇಟ್ ಇರುವ ಪುಲ್‌ಮನ್ ಊರು ಸುಮಾರು 285 ಮೈಲಿ. ಐ-90ರಲ್ಲಿ ಸ್ನೋಕ್ವಾಲ್ಮಿ ಘಾಟಿ ಹತ್ತಿ, ವಾಂಟೇಜ್ ಹತ್ತಿರ ಕೊಲಂಬಿಯ ನದಿ ದಾಟಿ, ಅಲ್ಲಿಂದ ರಾಜ್ಯ ಹೆದ್ದಾರಿ 26 ಹಿಡಿದರೆ ಎರಡೂ ಕಡೆ ಗೋಧಿ ಹೊಲದ ಗುಡ್ಡಗಳು. ದೂರವೇ, ಆದರೂ ಕಾರಿನಲ್ಲಿ ಹೋಗಿಬರುವ ದೂರ.

2023ರ ನವೆಂಬರ್‌ನಲ್ಲಿ ಒಂದೇ ಕೂಟದಲ್ಲಿದ್ದು ಆಡಿದ ಕೊನೆಯ ಆ್ಯಪಲ್ ಕಪ್ ನಡೆಯಿತು. ಕೊನೇ ಕ್ಷಣದಲ್ಲಿ ಚೆಂಡನ್ನು ಕಂಬಗಳ ನಡುವೆ ಒದ್ದು ಗಳಿಸಿದ ಫೀಲ್ಡ್ ಗೋಲ್‌ನಿಂದ ವಾಷಿಂಗ್ಟನ್ 24-21ರಲ್ಲಿ ಗೆದ್ದಿತು. ಆಮೇಲೆ ಎರಡೂ ಕಾಲೇಜುಗಳು 2028ರವರೆಗೆ ಆಡುತ್ತೇವೆ ಅಂತ ಬೇರೆ ಒಪ್ಪಂದ ಮಾಡಿಕೊಂಡವು. ಆದರೆ ಪಂದ್ಯ ಸೆಪ್ಟೆಂಬರ್‌ಗೆ ಬಂತು. ಕಾರಣ ಲೆಕ್ಕದಲ್ಲಿದೆ. ಒಂದು ತಂಡಕ್ಕೆ ಸೀಸನ್ನಿಗೆ 12 ಪಂದ್ಯ. ಬಿಗ್ ಟೆನ್‌ನಲ್ಲಿ ಒಂಬತ್ತು ಪಂದ್ಯ ಕೂಟದ ಒಳಗೇ ಆಡಬೇಕು. ಉಳಿದ ಮೂರರಲ್ಲಿ ಹೊರಗಿನವರು, ಅದು ಹೆಚ್ಚಾಗಿ ಸೀಸನ್ ಶುರುವಿಗೆ. ನವೆಂಬರ್ ಕೂಟದವರಿಗೆ ಮೀಸಲು. ಸೆಪ್ಟೆಂಬರ್ ಮಧ್ಯದಲ್ಲಿ ವಾಷಿಂಗ್ಟನ್ ಯೂನಿವರ್ಸಿಟಿಯ ತರಗತಿಗಳೇ ಶುರುವಾಗಿರುವುದಿಲ್ಲ, ಅವು ತೆರೆಯುವುದು ತಿಂಗಳ ಕೊನೆಗೆ. ಹುಡುಗರು ಕ್ಯಾಂಪಸ್ಸಿಗೆ ಬರುವ ಮುಂಚೆಯೇ ವರ್ಷದ ದೊಡ್ಡ ಪಂದ್ಯ ಮುಗಿದಿರುತ್ತದೆ.

ಇದೇ ಲೆಕ್ಕ ಇನ್ನೊಂದು ಕಡೆಯೂ ಹೊಡೆಯುತ್ತದೆ. 2006ರಿಂದ 2010ರವರೆಗೆ, ಈಗಿನ ಪ್ಯಾಕ್-12 ಕೂಟದಲ್ಲಿ ಹತ್ತೇ ತಂಡಗಳಿದ್ದಾಗ, ಒಂಬತ್ತು ಎದುರಾಳಿಗಳು, ಒಂಬತ್ತು ಪಂದ್ಯ. ಪ್ರತಿಯೊಬ್ಬರನ್ನೂ ಪ್ರತಿ ವರ್ಷ ಎದುರಿಸುತ್ತಿದ್ದರು. ಈಗ ಬಿಗ್ ಟೆನ್‌ನಲ್ಲಿ ವಾಷಿಂಗ್ಟನ್‌ಗೆ 17 ಎದುರಾಳಿಗಳು, ಪಂದ್ಯ ಮಾತ್ರ ಒಂಬತ್ತೇ. ಎರಡು ಮೂರು ವರ್ಷಕ್ಕೊಮ್ಮೆ ಮುಖ ನೋಡುವ ತಂಡದ ಮೇಲೆ ಹಗೆ ಬೆಳೆಯುವುದು ಹೇಗೆ? ಈ ಆಟದಲ್ಲಿ ಹಗೆಯೂ ಪ್ರೀತಿಯ ಒಂದು ಭಾಗ ಅಲ್ವಾ?

ವಾಷಿಂಗ್ಟನ್ ಸ್ಟೇಟ್‌ನವರಲ್ಲಿ "ನಮ್ಮನ್ನು ನಡುನೀರಲ್ಲಿ ಕೈಬಿಟ್ಟವರ ಜತೆ ಆಡುವುದೇ ಬೇಡ" ಅಂದವರಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಆದರೂ ಆಡಬೇಕು ಅಂತಲೇ ನನಗನಿಸುತ್ತದೆ. 2024ರ ಸೆಪ್ಟೆಂಬರ್ 14ರಂದು ಸಿಯಾಟಲ್‌ನ ಲೂಮೆನ್ ಫೀಲ್ಡ್‌ನಲ್ಲಿ ಕಡುಗೆಂಪಿನವರು 24-19ರಲ್ಲಿ ಗೆದ್ದರು. ಕೊನೆಯಲ್ಲಿ ವಾಷಿಂಗ್ಟನ್ ಗೋಲ್ ಲೈನಿನ ಹೊಸ್ತಿಲಿಗೆ ಬಂದಿತ್ತು. ನಾಲ್ಕನೇ, ಅಂದರೆ ಕೊನೆಯ ಪ್ರಯತ್ನದಲ್ಲಿ ಅವರನ್ನು ಅಲ್ಲೇ ತಡೆದರು. ಆ ಸಂತೋಷ ಬೇರೆ ಯಾವ ತಂಡವನ್ನು ಸೋಲಿಸಿದರೂ ಸಿಗುತ್ತಿರಲಿಲ್ಲ.

ನಿಷ್ಠೆ ಎಷ್ಟು ಗಟ್ಟಿ ಅಂತ ನೋಡಬೇಕಾದರೆ ಶನಿವಾರ ಬೆಳಗ್ಗೆ ಇಎಸ್‌ಪಿಎನ್‌ನ 'ಕಾಲೇಜ್ ಗೇಮ್‌ಡೇ' ಹಾಕಿ. ಪ್ರತಿ ವಾರ ಬೇರೆ ಬೇರೆ ಊರಿನ ಕ್ಯಾಂಪಸ್ಸಿನಿಂದ ನೇರ ಪ್ರಸಾರ. ನಿರೂಪಕರ ಹಿಂದೆ ಜನಜಂಗುಳಿಯಲ್ಲಿ ಒಂದು ಬಾವುಟ ಅಲ್ಲಾಡುತ್ತಿರುತ್ತದೆ, ಕಡುಗೆಂಪು, ಮೇಲೆ ಕೂಗರ್ ಅನ್ನುವ ಕಾಡುಬೆಕ್ಕಿನ ಮುಖದ ಗುರುತು. ಅದು ವಾಷಿಂಗ್ಟನ್ ಸ್ಟೇಟ್‌ನದ್ದು. ಹೆಸರು ಓಲ್ ಕ್ರಿಮ್ಸನ್. ಪಂದ್ಯ ಅಲಬಾಮದಲ್ಲಿರಲಿ, ಒಹಾಯೊದಲ್ಲಿರಲಿ, 2003ರಿಂದ ವಾರ ತಪ್ಪದೆ ಅಲ್ಲಿರುತ್ತದೆ. ಹಳೆ ವಿದ್ಯಾರ್ಥಿಗಳು ಬಾವುಟವನ್ನು ಊರಿಂದ ಊರಿಗೆ ಕಳಿಸುತ್ತಾರೆ, ಆ ಊರಲ್ಲಿರುವ ಇನ್ನೊಬ್ಬ ಹಳೆ ವಿದ್ಯಾರ್ಥಿ ಬೆಳಗಿನ ಜಾವ ಎದ್ದು ಹೋಗಿ ಹಿಡಿಯುತ್ತಾನೆ. ಕೂಟ ಚೂರಾದ ಮೇಲೂ ಇದು ನಿಲ್ಲಲಿಲ್ಲ. ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಆಟಗಾರ, ಕ್ಯಾಮ್ ವಾರ್ಡ್ 2023ರ ಸೀಸನ್ ಆದ ಮೇಲೆ ಮಯಾಮಿಗೆ ಹೋದರು. ಮರುವರ್ಷ ಅವರ ಜಾಗಕ್ಕೆ ಬಂದಿದ್ದ ಜಾನ್ ಮಟೀರ್ ಓಕ್ಲಹೋಮಕ್ಕೆ ಹೋದರು. ಆಟಗಾರರು ಹೀಗೆ ಕಾಲೇಜು ಬದಲಿಸುವುದು ಈಗ ಸುಲಭ. ಅಭಿಮಾನಿಗೆ ಆ ಸೌಲಭ್ಯ ಇಲ್ಲ, ಅವರಿಗೆ ಬೇಕಾಗಿಯೂ ಇಲ್ಲ.

ಎಲ್ಲ ಕಡೆ ನಷ್ಟವೇ ಆಗಿದೆ ಅಂತಲ್ಲ. ಆಸ್ಟಿನ್, ಡಲ್ಲಾಸ್ ಕಡೆಯ ಕನ್ನಡಿಗರಿಗೆ ಬೇರೆ ಕತೆ ಗೊತ್ತಿರುತ್ತದೆ. ಟೆಕ್ಸಾಸ್ ಎ ಅಂಡ್ ಎಂ 2012ರಲ್ಲಿ ಎಸ್‌ಇಸಿಗೆ ಹೋದಾಗ ಟೆಕ್ಸಾಸ್ ಜತೆಗಿನ ಪಂದ್ಯ ನಿಂತೇಹೋಯಿತು. ಆಡದ ಆ ವರ್ಷಗಳಲ್ಲೂ ಎ ಅಂಡ್ ಎಂನವರು ತಮ್ಮ ಕಾಲೇಜು ಹಾಡಿನಲ್ಲಿ ಟೆಕ್ಸಾಸನ್ನು ಹಂಗಿಸುವುದು ಬಿಡಲಿಲ್ಲ. ಟೆಕ್ಸಾಸ್ ಕೂಡ ಎಸ್‌ಇಸಿಗೆ ಬಂದಿದ್ದರಿಂದ 2024ರ ನವೆಂಬರ್ 30ರಂದು ಮತ್ತೆ ಮುಖಾಮುಖಿ ಆದರು. ಅದೇ ಹೊತ್ತಿಗೆ ಪಕ್ಕದ ಓಕ್ಲಹೋಮದಲ್ಲಿ ಬೆಡ್ಲಮ್ ಅನ್ನುವ ಹಳೆಯ ಪೈಪೋಟಿ ನಿಂತಿತು. ಓಕ್ಲಹೋಮ ಮತ್ತು ಓಕ್ಲಹೋಮ ಸ್ಟೇಟ್ 2023ರ ನವೆಂಬರ್‌ನಲ್ಲಿ ಆಡಿದ್ದು ಒಂದೇ ಕೂಟದವರಾಗಿ ಆಡಿದ ಕೊನೆಯ ಪಂದ್ಯ.

ನಿಮಗೆ ಇದರಿಂದ ಏನು

ಮಕ್ಕಳು ಕಾಲೇಜು ತಂಡದಲ್ಲಿ ಟೆನಿಸ್, ಈಜು, ವಾಲಿಬಾಲ್ ಆಡುವವರಿದ್ದರೆ ಕಾನ್ಫರೆನ್ಸ್ ಯಾವುದು ಅಂತ ಖಂಡಿತ ಕೇಳಿ. ಟಿವಿ ದುಡ್ಡು ಫುಟ್‌ಬಾಲ್‌ಗೆ ಬಂದರೂ ಹೆಚ್ಚಿನ ಕಾಲೇಜುಗಳಲ್ಲಿ ಉಳಿದ ಆಟಗಳೂ ಅದೇ ಕೂಟಕ್ಕೆ ಹೋಗಿವೆ. ಯುಸಿಎಲ್‌ಎ ಹುಡುಗಿಯರು ವಾಲಿಬಾಲ್ ಪಂದ್ಯಕ್ಕೆ ನ್ಯೂಜೆರ್ಸಿಯ ರಟ್ಗರ್ಸ್‌ವರೆಗೂ ಹೋಗಬೇಕಾಗುತ್ತದೆ. ಮೂರು ಗಂಟೆ ಸಮಯದ ವ್ಯತ್ಯಾಸ, ಮರುದಿನ ತರಗತಿ. ಈ ಹೊರೆಯನ್ನು ಓದುವ ಮಕ್ಕಳ ಮೇಲೆ ಹಾಕಿದ್ದು ನನಗೆ ಸರಿ ಕಾಣುವುದಿಲ್ಲ.

ಯಾವ ತಂಡದ ಪರ ಇರಬೇಕು ಅಂತ ಗೊತ್ತಾಗದಿದ್ದರೆ ಹತ್ತಿರದ ಕಾಲೇಜನ್ನೇ ಹಿಡಿಯಿರಿ. ದೊಡ್ಡ ಕೂಟ, ದೊಡ್ಡ ಹೆಸರು ಅಂತ ದೂರದ್ದನ್ನು ಹಿಡಿದರೆ ಟಿವಿಯಲ್ಲೇ ಮುಗಿಯುತ್ತದೆ. ಒಂದು ಸಲ ಸ್ಟೇಡಿಯಂಗೆ ಹೋಗಿ, ಬೇಗ ಹೋಗಿ. ಪಾರ್ಕಿಂಗ್ ಜಾಗದಲ್ಲಿ ಕಾರಿನ ಹಿಂಬಾಗಿಲು ತೆಗೆದು ಅಡುಗೆ ಮಾಡಿ ಹಂಚುತ್ತಾರೆ, ಅದಕ್ಕೆ ಟೇಲ್‌ಗೇಟ್ ಅನ್ನುತ್ತಾರೆ. ಸಸ್ಯಾಹಾರಿಗಳು ಪುಳಿಯೋಗರೆ ಡಬ್ಬಿ ಒಯ್ಯಿರಿ, ಕೇಳಿ ತಿನ್ನುವವರು ಸಿಗುತ್ತಾರೆ. ಸ್ಟೇಡಿಯಂ ಒಳಗೆ ಮಾತ್ರ ಮಾಮೂಲಿ ಬ್ಯಾಗ್ ಬಿಡುವುದಿಲ್ಲ. ಒಳಗಿರುವುದು ಕಾಣುವಂಥ ಪ್ಲಾಸ್ಟಿಕ್ ಬ್ಯಾಗ್ ಆಗಬೇಕು. ಸಿಯಾಟಲ್‌ನಲ್ಲಾದರೆ ಲೈಟ್ ರೈಲು ವಾಷಿಂಗ್ಟನ್ ಯೂನಿವರ್ಸಿಟಿಯ ಹಸ್ಕಿ ಸ್ಟೇಡಿಯಂ ಬಾಗಿಲಿಗೇ ಬಿಡುತ್ತದೆ.

ಆ್ಯಪಲ್ ಕಪ್ ಸಮ ವರ್ಷಗಳಲ್ಲಿ ಸಿಯಾಟಲ್‌ನಲ್ಲಿ, ಬೆಸ ವರ್ಷಗಳಲ್ಲಿ ಪುಲ್‌ಮನ್‌ನಲ್ಲಿ. ಹೆಚ್ಚಿನ ಪಂದ್ಯಗಳ ಸಮಯ ತೀರ್ಮಾನ ಮಾಡುವುದು ಟಿವಿಯವರು, ಹೇಳುವುದು 12 ದಿನ ಮುಂಚೆ, ಒಮ್ಮೊಮ್ಮೆ ಆರೇ ದಿನ ಮುಂಚೆ. ಮಧ್ಯಾಹ್ನವೂ ಆಗಬಹುದು, ರಾತ್ರಿ ಏಳೂವರೆಯೂ ಆಗಬಹುದು. ಹಾಗಾಗಿ ಪುಲ್‌ಮನ್‌ಗೆ ಹೋಗುವುದಾದರೆ ಶುಕ್ರವಾರ, ಶನಿವಾರ ಎರಡೂ ರಾತ್ರಿಗೆ ರೂಮ್ ಮಾಡಿಕೊಳ್ಳಿ. ಊರು ಸಣ್ಣದು, ರೂಮ್ ಬೇಗ ತುಂಬುತ್ತವೆ. ಸಿಗದಿದ್ದರೆ ಎಂಟು ಮೈಲಿ ಆಚೆ, ಐಡಾಹೊ ಗಡಿ ದಾಟಿದ ಕೂಡಲೇ ಸಿಗುವ ಮಾಸ್ಕೋ ಊರಿನಲ್ಲಿ ನೋಡಿ.