ಲೇಹ್‌ನಿಂದ ಬೆಂಗಳೂರಿಗೆ: ವಾಪಸ್ ದಾರಿಯ ಲೆಕ್ಕವೇ ಬೇರೆ

ಲಡಾಖ್‌ಗೆ ಕಾರಲ್ಲಿ ಹೋಗ್ತೀವಿ ಅಂದರೆ ಸಲಹೆ ಕೊಡೋರಿಗೆ ಬರ ಇಲ್ಲ. ಯಾವ ಜಾಕೆಟ್, ಯಾವ ಮಾತ್ರೆ, ಎಲ್ಲಿ ಪರ್ಮಿಟ್, ಎಲ್ಲಾ ಹೇಳುತ್ತಾರೆ. ವಾಪಸ್ ಬರುವುದರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಲೇಹ್‌ನಿಂದ ಬೆಂಗಳೂರಿಗೆ ಹತ್ತಿರ ಹತ್ತಿರ 3,100 ಕಿ.ಮೀ. ನೋಡಬೇಕಾದ್ದೆಲ್ಲ ನೋಡಿ ಆಗಿರುತ್ತದೆ, ರಜೆ ಮುಗಿಯುತ್ತಾ ಬಂದಿರುತ್ತದೆ, ಮನಸ್ಸು ಆಗಲೇ ಮನೆ ಸೇರಿರುತ್ತದೆ. ಕಾರು ಮಾತ್ರ ಇನ್ನೂ 5,300 ಮೀಟರ್ ಎತ್ತರದ ತಂಗ್‌ಲಂಗ್ ಲಾ ಘಾಟಿ ಹತ್ತುತ್ತಿರುತ್ತದೆ. ಅದಕ್ಕೇ ನಾನು, ನನ್ನ ಹೆಂಡತಿ ಇಬ್ಬರೂ ಕೂತು ವಾಪಸ್ ದಾರಿಗೆ ಬೇರೆಯದೇ ಪ್ಲಾನ್ ಮಾಡಿಕೊಂಡಿದ್ದೆವು.

ಮೊದಲು ಟೈರಿನ ವಿಷಯ. ಲೇಹ್ ಇರೋದು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ. ಗೇಜ್ ತೋರಿಸೋದು ಟೈರಿನ ಒಳಗೂ ಹೊರಗೂ ಇರುವ ಒತ್ತಡದ ವ್ಯತ್ಯಾಸವನ್ನು. ಹಾಗಾಗಿ ಲೇಹ್‌ನಲ್ಲಿ 33 ಪಿಎಸ್‌ಐ (ಟೈರಿನ ಒತ್ತಡದ ಅಳತೆ) ತುಂಬಿಸಿಕೊಂಡು ಬಯಲಿಗೆ ಇಳಿದರೆ ಎತ್ತರದ ಲೆಕ್ಕದಲ್ಲೇ ನಾಲ್ಕೈದು ಪಿಎಸ್‌ಐ ಇಳಿದುಹೋಗುತ್ತದೆ. ಪಂಚರ್ ಏನೂ ಆಗಿರುವುದಿಲ್ಲ. ಕೆಳಗಿನ ಸೆಕೆಗೆ ಒಂದಿಷ್ಟು ಏರುತ್ತದೆ ನಿಜ, ಆದರೆ ಪೂರ್ತಿ ಸರಿಹೋಗುವುದಿಲ್ಲ. ತುಂಬಿದ ಕಾರು, ಗಾಳಿ ಕಡಿಮೆ ಇರೋ ಟೈರು, ಕಾದ ರಸ್ತೆ, ನೂರರ ಸ್ಪೀಡು: ಟೈರ್ ಸಿಡಿಯೋಕೆ ಇನ್ನೇನು ಬೇಕು? ನಾವು ಅಂಬಾಲಾದಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಸ್ಟೆಪ್ನಿಗೂ ಸೇರಿಸಿ ಗಾಳಿ ಹಾಕಿಸಿದೆವು.

ಅಲ್ಲೇ ಒಬ್ಬ ಮೆಕ್ಯಾನಿಕ್ ಹತ್ತಿರ ಏರ್ ಫಿಲ್ಟರ್ ತೆಗೆಸಿದೆ. ಹುಡುಗ ಅದನ್ನು ಅಂಗಡಿಯ ಮೆಟ್ಟಿಲಿಗೆ ಎರಡು ಸಲ ಕುಟ್ಟಿದ. ಲಡಾಖ್‌ನ ಮೋರೆ ಬಯಲಿನ ಧೂಳು, ಗೋಪಿಚಂದನದ ಪುಡಿಯ ಹಾಗೆ ನುಣ್ಣಗೆ, ರಾಶಿ ಬಿತ್ತು. ಮಡಿಕೆಗಳ ಸಂದಿಯಲ್ಲಿ ಇನ್ನೂ ಇತ್ತು. ಗಾಳಿ ಊದಿಸುವ ಬದಲು ಹೊಸದನ್ನೇ ಹಾಕಿಸಿದೆ. ಬ್ರೇಕ್ ಪ್ಯಾಡ್ ಚೆನ್ನಾಗೇ ಇತ್ತು. ಘಾಟಿ ಇಳಿಯುವಾಗೆಲ್ಲ ಎರಡನೇ ಗೇರಲ್ಲೇ ಇದ್ದದ್ದಕ್ಕೆ ಆ ಲಾಭ. ಈಗ 9.02 ಕಿ.ಮೀ. ಉದ್ದದ ಅಟಲ್ ಸುರಂಗ ಇರೋದರಿಂದ ರೋಹ್ತಾಂಗ್ ಹತ್ತಿ ಇಳಿಯುವ ಕೆಲಸ ತಪ್ಪುತ್ತದೆ. ಆದರೆ ಬಾರಾಲಾಚಾ ಲಾ ಇಳಿಜಾರು ತಪ್ಪಿದ್ದಲ್ಲ.

ದೆಹಲಿಯ ಒಳಗೆ ಕಾಲಿಡಲೇ ಇಲ್ಲ. ಕುಂಡ್ಲಿಯಲ್ಲಿ ಎಡಕ್ಕೆ ಹೊರಳಿ ಪೂರ್ವದ ಪೆರಿಫೆರಲ್ ಎಕ್ಸ್‌ಪ್ರೆಸ್‌ವೇ ಹಿಡಿದರೆ 135 ಕಿ.ಮೀ.ಗೆ ಪಲ್ವಲ್. ಅಲ್ಲಿಂದ ಮಥುರಾ, ಆಗ್ರಾ. ಆಮೇಲೆ ಬೆಂಗಳೂರಿನ ತನಕ ಒಂದೇ ಹೆದ್ದಾರಿ, 44. ನೋಡೋಕೆ ಸುಲಭ ಅನ್ಸುತ್ತೆ, ಅಲ್ವಾ? ಅದೇ ತಾಪತ್ರಯ. ರಸ್ತೆ ನೇರ, ತಿರುವು ಇಲ್ಲ, ಕಣ್ಣು ಎಳೆಯುತ್ತದೆ. ಮಧ್ಯಾಹ್ನ ಢಾಬಾದಲ್ಲಿ ಪರಾಠ, ಲಸ್ಸಿ ಹೊಡೆದು ಸ್ಟೀರಿಂಗ್ ಹಿಡಿದರಂತೂ ಮುಗೀತು. ನಾವು ಹಗಲು ಹೊತ್ತು ಸುಮ್ನೆ ಹಣ್ಣು, ಮಂಡಕ್ಕಿ, ಮಜ್ಜಿಗೆಯಲ್ಲಿ ಕಳೆದು, ಸರಿಯಾದ ಊಟ ರಾತ್ರಿಗೆ ಇಟ್ಟುಕೊಂಡೆವು. ಎರಡು ಗಂಟೆಗೊಮ್ಮೆ ಸೀಟು ಬದಲು. ‘ನಂಗೇನೂ ಸುಸ್ತಾಗಿಲ್ಲ’ ಅನ್ನೋ ಮಾತು ಲೆಕ್ಕಕ್ಕೆ ಇಲ್ಲ ಅಂತ ಮೊದಲೇ ಒಪ್ಪಂದ ಆಗಿತ್ತು.

ರಾತ್ರಿ ಗಾಡಿ ಓಡಿಸೋದು ಬೇಡ ಅನ್ನೋದೂ ಮೊದಲೇ ತೀರ್ಮಾನ ಆಗಿತ್ತು. ಕಾರಣ ಸರಿಯಾಗಿ ಗೊತ್ತಾಗಿದ್ದು ಸಾಗರ ದಾಟಿದ ಮೇಲೆ. (ನಮ್ಮ ಸಾಗರ ಅಲ್ಲ, ಮಧ್ಯಪ್ರದೇಶದ್ದು.) ಚಹಾಕ್ಕೆ ನಿಲ್ಲಿಸಿದಾಗ ಕೆಎ ನಂಬರ್ ನೋಡಿ ಒಬ್ಬ ಲಾರಿ ಡ್ರೈವರ್ ಬಂದರು, ರಾಣೆಬೆನ್ನೂರಿನವರು. ಎಲ್ಲಿಂದ, ಎಲ್ಲಿಗೆ ಎಲ್ಲಾ ಕೇಳಿದ ಮೇಲೆ ಹೇಳಿದರು: “ಕತ್ತಲಾದ ಮ್ಯಾಲೆ ಹೊಡೀಬ್ಯಾಡ್ರಿ ಸರ್. ಮಳಿಗಾಲದಾಗ ಮಣ್ಣು ಹಸಿ ಇರ್ತೈತಿ, ದನ ಎಲ್ಲಾ ಡಾಂಬರಿನ ಮ್ಯಾಲೆ ಬಂದು ಕುಂದರ್ತಾವ. ಕರೀ ಎಮ್ಮಿ, ಕರೀ ರೋಡು. ಲೈಟಿಗೂ ಕಾಣಂಗಿಲ್ಲ.” ಅವತ್ತು ಸಂಜೆ ನೋಡಿದೆ. ಎರಡೂ ಲೇನ್ ತುಂಬಾ ಹತ್ತಿಪ್ಪತ್ತು ಎಮ್ಮೆಗಳು ಮೆಲುಕು ಹಾಕುತ್ತಾ ಮಲಗಿವೆ. ಹಾರ್ನ್ ಹೊಡೆದರೆ ಕಿವಿ ಮಾತ್ರ ಅಲ್ಲಾಡಿಸುತ್ತವೆ. ಪಕ್ಕದ ಮಣ್ಣಿನಲ್ಲಿ ಇಳಿಸಿಯೇ ಮುಂದೆ ಹೋಗಬೇಕಾಯಿತು.

ನಾಗ್ಪುರಕ್ಕೆ ಮುಂಚೆ ಪೆಂಚ್ ಕಾಡು ಬರುತ್ತದೆ. ಅಲ್ಲಿ ಹೆದ್ದಾರಿಯನ್ನೇ ಕಂಬದ ಮೇಲೆ ಎತ್ತಿ, ಕೆಳಗೆ ಪ್ರಾಣಿಗಳಿಗೆ ದಾರಿ ಬಿಟ್ಟಿದ್ದಾರೆ. ಒಂದಂತೂ 750 ಮೀಟರ್ ಉದ್ದ ಇದೆ. ಇಡೀ ದಾರಿಯಲ್ಲಿ ನನಗೆ ಮೆಚ್ಚುಗೆಯಾದ ಕಾಮಗಾರಿ ಅಂದರೆ ಇದೇ.

ದೂರ ಎಷ್ಟು ಉಳೀತು ಅಂತ ಮ್ಯಾಪ್ ನೋಡುತ್ತಾ ಕೂತರೆ ತಲೆ ಕೆಡುತ್ತದೆ. ನನ್ನ ಹೆಂಡತಿ ನದಿ ಲೆಕ್ಕ ಹಿಡಿದಳು. ಧೋಲ್‌ಪುರ ಬಿಟ್ಟ ಕೂಡಲೇ ಚಂಬಲ್. ನರಸಿಂಗ್‌ಪುರಕ್ಕೆ ಮುಂಚೆ ಬರ್ಮಾನ್ ಘಾಟ್ ಹತ್ತಿರ ನರ್ಮದೆ. ಪೆನ್‌ಗಂಗಾ ದಾಟಿದರೆ ಮಹಾರಾಷ್ಟ್ರ ಮುಗಿದು ತೆಲಂಗಾಣ. ನಿರ್ಮಲ್ ಆದ ಮೇಲೆ ಗೋದಾವರಿ, ಬೀಚುಪಲ್ಲಿಯಲ್ಲಿ ಕೃಷ್ಣೆ. ಕರ್ನೂಲಿನಲ್ಲಿ ಸಿಗೋದು ತುಂಗಭದ್ರೆ, ಅಂದರೆ ಶೃಂಗೇರಿಯ ನೀರು. ಅಲ್ಲಿ ಅವಳೇ ‘ಕಾರು ನಿಲ್ಲಿಸಿ’ ಅಂದಳು.

ಹೈದರಾಬಾದ್‌ಗೂ ಒಳಗೆ ಹೋಗಬೇಕಿಲ್ಲ. ಮೇಡ್ಚಲ್‌ನಲ್ಲಿ ಔಟರ್ ರಿಂಗ್ ರೋಡ್ ಹತ್ತಿ ಶಂಷಾಬಾದ್‌ನಲ್ಲಿ ಇಳಿದರೆ ಆಯಿತು.

ಕರ್ನೂಲಿನಿಂದ ಬೆಂಗಳೂರು ಸುಮಾರು 360 ಕಿ.ಮೀ. ನಾವು ಅಲ್ಲಿ ತಲುಪಿದಾಗ ಸಂಜೆ. ‘ಇನ್ನೇನು ಬಂತು, ರಾತ್ರಿ ಊಟ ಮನೆಯಲ್ಲೇ’ ಅಂತ ಎಲ್ಲರಿಗೂ ಆಸೆ ಹುಟ್ಟೋದು ಇಲ್ಲೇ. ಫೋನಿನಲ್ಲಿ ಅಮ್ಮ ಕೂಡ ‘ಎಷ್ಟೊತ್ತಿಗೆ ಬರ್ತೀರಾ, ಸಾರು ಬಿಸಿ ಮಾಡಿಡ್ಲಾ?’ ಅಂದರು. ನಾವು ಅಲ್ಲೇ ರೂಮ್ ಮಾಡಿದೆವು. ಅಷ್ಟು ದೂರದ ಸುಸ್ತು ಮೈಯಲ್ಲಿ ಇಟ್ಟುಕೊಂಡು, ಲಾರಿಗಳ ಮಧ್ಯೆ, ಕತ್ತಲಲ್ಲಿ ಆ ಕೊನೆಯ ತುಂಡನ್ನು ಓಡಿಸಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಬೆಳಿಗ್ಗೆ ಐದಕ್ಕೆ ಹೊರಟು, ಪೆನುಕೊಂಡ ದಾಟಿ ಇಡ್ಲಿ ತಿಂದು, ಬಾಗೇಪಲ್ಲಿ ಮೇಲೆ ಊರು ಸೇರಿದೆವು.

ಮನೆಗೆ ಬಂದ ಮೇಲೂ ಎರಡು ಕೆಲಸ ಇವೆ. ವೀಲ್ ಅಲೈನ್‌ಮೆಂಟ್ ಮಾಡಿಸಿ, ಲಡಾಖ್ ರಸ್ತೆಗೆ ಅದು ನೆಟ್ಟಗೆ ಉಳಿದಿರೋ ಸಾಧ್ಯತೆ ಕಡಿಮೆ. ಆಮೇಲೆ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ತೆಗೆದು ಒಂದೊಂದೇ ಟೋಲ್ ನೋಡಿ. ನಮಗೆ ಒಂದು ಕಡೆ ಎರಡು ಸಲ ಕಟ್ ಆಗಿತ್ತು. ಟ್ಯಾಗ್ ಕೊಟ್ಟ ಬ್ಯಾಂಕಿಗೆ ದೂರು ಕೊಡಿ, ಹೆದ್ದಾರಿ ಸಹಾಯವಾಣಿ 1033ಕ್ಕೂ ಫೋನ್ ಮಾಡಬಹುದು. ನಮ್ಮ ದುಡ್ಡು ವಾಪಸ್ ಬಂತು.