ಮಳೆಗಾಲದ ಥಂಡಿಯಲ್ಲಿ ನನ್ನ ಹಾವಿನ ಪೆಟ್ಟಿಗೆ

ನಮ್ಮ ಮನೆ ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋಗುವ ದಾರಿಯಲ್ಲಿದೆ. ಮಳೆ ಹಿಡಿದರೆ ಗೋಡೆ ಬೆವರುತ್ತದೆ, ಬೀರುವಿನ ಬಟ್ಟೆಗೂ ಬೂಸ್ಟು ಬರುತ್ತದೆ. ಇಲ್ಲಿ ನಾನು ಸಾಕುತ್ತಿರುವುದು ಆಫ್ರಿಕಾ ಮೂಲದ ಬಾಲ್ ಪೈಥಾನ್, ಅಂದರೆ ವಿಷವಿಲ್ಲದ ಒಂದು ಜಾತಿಯ ಹೆಬ್ಬಾವು. ನಮ್ಮ ಕಾಡಿನ ಹಾವುಗಳನ್ನು ಸಾಕಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಇದು ಹೊರದೇಶದ್ದು, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿದ್ದೇನೆ.

ಮೊದಲ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಮೀಟರ್ ತೇವಾಂಶ ಶೇಕಡಾ 88 ತೋರಿಸಿತು. ಬೇಕಾದ್ದು 60ರ ಆಸುಪಾಸು. ಗಾಬರಿಯಾಗಿ ಪೆಟ್ಟಿಗೆಗೆ ಇನ್ನಷ್ಟು ತೂತು ಕೊರೆದೆ. ಹಗಲೆಲ್ಲ ಮುಚ್ಚಳ ಅರ್ಧ ತೆಗೆದಿಟ್ಟೆ. ಎರಡು ವಾರ ಕಳೆದಿರಬೇಕು, ಹಾವು ಉಸಿರೆಳೆದಾಗೆಲ್ಲ ಸಣ್ಣ ಸಿಳ್ಳೆಯಂಥ ಸದ್ದು. ಬಾಯಿಯ ಅಂಚಿನಲ್ಲಿ ನೊರೆ. ಶ್ವಾಸಕೋಶಕ್ಕೆ ಸೋಂಕು ತಗುಲಿತ್ತು. ಪಶುವೈದ್ಯರು ಮೊದಲು ಕೇಳಿದ್ದು, "ರಾತ್ರಿ ಒಳಗೆ ಎಷ್ಟು ಡಿಗ್ರಿ ಇರುತ್ತೆ?" ನಾನು ನೋಡೇ ಇರಲಿಲ್ಲ. ಅವತ್ತು ರಾತ್ರಿ ನೋಡಿದರೆ 22. ಹಾವಿಗೆ ಚಳಿ ಹಿಡಿಸಿದ್ದು ನಾನೇ. ಇಂಜೆಕ್ಷನ್ ಮುಗಿದು ಅದು ಚೇತರಿಸಿಕೊಳ್ಳುವವರೆಗೂ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆಮೇಲೆ ಅರ್ಥವಾಯಿತು. ಗಾಳಿ ಬಿಸಿಯಾದಷ್ಟೂ ಜಾಸ್ತಿ ನೀರು ಹಿಡಿದುಕೊಳ್ಳುತ್ತದೆ. ಹೊರಗೆ 20 ಡಿಗ್ರಿ, ತೇವಾಂಶ 95 ಇರುವ ಗಾಳಿಯನ್ನೇ 28 ಡಿಗ್ರಿಗೆ ಕಾಯಿಸಿದರೆ ತೇವಾಂಶ 60ರ ಹತ್ತಿರ ಇಳಿಯುತ್ತದೆ. ಅಂದರೆ ಮಲೆನಾಡಿನ ಮಳೆಗಾಲದಲ್ಲಿ ಮೊದಲು ಶಾಖ ಸರಿ ಮಾಡಬೇಕು. ತೇವ ತಾನಾಗಿ ದಾರಿಗೆ ಬರುತ್ತದೆ.

ತೂತುಗಳಲ್ಲಿ ಅರ್ಧ ಮುಚ್ಚಿದೆ. ಹೊರಗಡೆ ಮೂರು ಬದಿಗೆ ಥರ್ಮೋಕೋಲ್ ಹಚ್ಚಿದೆ. ಒಂದು ತುದಿಯಲ್ಲಿ ಬೆಳಕು ಕೊಡದ ಸೆರಾಮಿಕ್ ಹೀಟರ್ ಹಾಕಿ, ಹಾವು ಸುಟ್ಟುಕೊಳ್ಳದ ಹಾಗೆ ಸುತ್ತ ಜಾಲರಿ ಕಟ್ಟಿದೆ. ಶಾಖ ಮಿತಿ ಮೀರದಂತೆ ನೋಡಿಕೊಳ್ಳುವ ಥರ್ಮೋಸ್ಟಾಟ್ ಇಲ್ಲದೆ ಹೀಟರ್ ಹಾಕಲೇಬೇಡಿ. ಈಗ ಬಿಸಿ ತುದಿ 32, ತಂಪು ತುದಿ 26. "ಬಾಣಂತಿ ಕೋಣೆ ಥರ ಮಾಡಿದ್ದೀಯಲ್ಲೋ" ಅಂದರು ಅಮ್ಮ. ಕರೆಂಟು ಹೋದರೆ ಬಾಟಲಿಗೆ ಬಿಸಿನೀರು ತುಂಬಿ, ಟವಲ್ ಸುತ್ತಿ ಒಳಗಿಟ್ಟು, ಪೆಟ್ಟಿಗೆ ಮೇಲೆ ಕಂಬಳಿ ಹೊದಿಸುತ್ತೇನೆ. ಎರಡು ಗಂಟೆಗೊಮ್ಮೆ ನೀರು ಬದಲಿಸುವವರು ಅಮ್ಮನೇ.

ಮೀಟರನ್ನೂ ಸುಮ್ನೆ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಗಟ್ಟಿ ಚಟ್ನಿಯಷ್ಟು ಒದ್ದೆ ಮಾಡಿ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ 75 ತೋರಿಸಬೇಕು. ನನ್ನದು 83 ತೋರಿಸಿತು! ಅವತ್ತಿನ 88ರಲ್ಲಿ ಎಂಟು ಬರೀ ಸುಳ್ಳು.

ಫೆಬ್ರವರಿ, ಮಾರ್ಚ್ ಬಂದರೆ ತದ್ವಿರುದ್ಧ. ಹೊರಗೂ ಒಣಗಾಳಿ, ಒಳಗೂ ಹೀಟರ್. ಆ ವರ್ಷ ಪೊರೆ ಚೂರುಚೂರಾಗಿ ಬಂತು, ಒಂದು ಕಣ್ಣಿನ ಪೊರೆ ಅಂಟಿಕೊಂಡೇ ಉಳಿಯಿತು. ಈಗ ನೀರು ಚಿಮುಕಿಸುವುದು ಬಿಟ್ಟಿದ್ದೇನೆ. ಕೆಳಗೆ ಹಾಸಿದ ಕೋಕೋಪೀಟ್‌ನ (ತೆಂಗಿನ ನಾರಿನ ಪುಡಿ) ಮೂಲೆಗಳಿಗೆ ಒಂದೊಂದು ಲೋಟ ನೀರು ಸುರಿಯುತ್ತೇನೆ. ಅಡಿ ಒದ್ದೆ, ಮೇಲ್ಪದರ ಒಣ. ಹೊಟ್ಟೆಯ ಹುರುಪೆ ಕೊಳೆಯುವುದಿಲ್ಲ. ಪೊರೆ ಬಿಡುವ ಮುಂಚೆ ಹಾವಿನ ಕಣ್ಣು ಮಂಜಾಗುತ್ತದೆ. ಹಾಗಾದ ಕೂಡಲೇ, ಬದಿಯಲ್ಲಿ ತೂತಿರುವ ಡಬ್ಬಿಗೆ ಒದ್ದೆ ತೆಂಗಿನ ನಾರು ತುಂಬಿ ಒಳಗಿಡುತ್ತೇನೆ. ಹಾವು ತಾನೇ ಹೋಗಿ ಸುರುಳಿ ಸುತ್ತಿಕೊಳ್ಳುತ್ತದೆ.

ಕಳೆದ ತಿಂಗಳ ಪೊರೆ ಮೂತಿಯಿಂದ ಬಾಲದ ತುದಿವರೆಗೆ ಇಡಿಯಾಗಿ ಬಂತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎರಡೂ ಕಣ್ಣಿನ ಪೊರೆ ಅದರಲ್ಲೇ ಇದ್ದವು.