ನಾಟಕ ಓದಲು ಬೇರೆ ವಿಶ್ವವಿದ್ಯಾಲಯಕ್ಕೆ: ಊರು ಬಿಡುವ ಮುನ್ನ ಮಾಡಿಕೊಳ್ಳುವ ತಯಾರಿ

ಬೆಳಿಗ್ಗೆ ಕಾಲೇಜು, ಸಂಜೆ ತಾಲೀಮು. ದಾವಣಗೆರೆ, ಚಿತ್ರದುರ್ಗದಲ್ಲಿ ನಾಟಕದ ಹುಚ್ಚು ಹತ್ತಿದ ಎಷ್ಟೋ ವಿದ್ಯಾರ್ಥಿಗಳ ದಿನಚರಿ ಇದು. ಪದವಿಗೆ ಓದುವುದು ಇತಿಹಾಸ, ಅರ್ಥಶಾಸ್ತ್ರ ಇಲ್ಲವೇ ಕಾಮರ್ಸು. ಮನಸ್ಸೆಲ್ಲ ರಂಗದ ಮೇಲೆ. ನಾಲ್ಕಾರು ಪ್ರದರ್ಶನ ಕೊಟ್ಟ ಮೇಲೆ, ನಾಟಕವನ್ನೇ ಕಲಿಸುವ ವಿಶ್ವವಿದ್ಯಾಲಯಕ್ಕೆ ಹೋಗಬಾರದೇಕೆ ಎಂಬ ಯೋಚನೆ ಬಂದೇ ಬರುತ್ತದೆ. ಖಂಡಿತ ಹೋಗಬಹುದು. ಆದರೆ ಒಂದು ತೊಡಕಿದೆ. ನೀವು ಆಡಿದ ಒಂದೇ ಒಂದು ನಾಟಕವೂ ಕಾಲೇಜಿನ ಅಂಕಪಟ್ಟಿಯಲ್ಲಿ ಇರುವುದಿಲ್ಲ. ಸೇರಬೇಕೆಂದಿರುವ ಕಡೆ ಮುಖ್ಯವಾಗಿ ಕೇಳುವುದು ಅದನ್ನೇ. ಆದ್ದರಿಂದ ಕಚೇರಿಯ ಕಾಗದಪತ್ರಗಳಿಗಿಂತ ಹೆಚ್ಚಿನ ಸಮಯವನ್ನು ನಿಮ್ಮ ರಂಗದ ಕೆಲಸ ದಾಖಲಿಸುವುದಕ್ಕೆ ಕೊಡಬೇಕು.

ವರ್ಗಾವಣೆಯೋ, ಹೊಸ ಪ್ರವೇಶವೋ?

ಪದವಿಯ ನಡುವೆ ವಿಶ್ವವಿದ್ಯಾಲಯ ಬದಲಿಸುವುದು ಒಂದು ದಾರಿ, ಪದವಿ ಮುಗಿಸಿ ಸ್ನಾತಕೋತ್ತರ ಕೋರ್ಸಿಗೆ ಸೇರುವುದು ಇನ್ನೊಂದು. ನಡುವೆ ಬದಲಿಸುವವರಿಗೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ವ್ಯವಸ್ಥೆ ಇದೆ. 2021ರಲ್ಲಿ ಬಂದ ಈ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಂತೆ ನೀವು ಗಳಿಸಿದ ಕ್ರೆಡಿಟ್‌ಗಳು, ಅಂದರೆ ಪಾಸಾದ ಪತ್ರಿಕೆಗಳಿಗೆ ಸಿಗುವ ಅಂಶಗಳು, ನಿಮ್ಮ ಖಾತೆಯಲ್ಲಿ ಗರಿಷ್ಠ ಏಳು ವರ್ಷ ಉಳಿಯುತ್ತವೆ. ಆದರೆ ಕನಿಷ್ಠ ಅರ್ಧದಷ್ಟು ಕ್ರೆಡಿಟ್‌ಗಳನ್ನು ಪದವಿ ಕೊಡುವ ಸಂಸ್ಥೆಯಲ್ಲೇ ಗಳಿಸಿರಬೇಕು. ಖಾತೆಯಲ್ಲಿ ಕ್ರೆಡಿಟ್ ಇದ್ದ ಮಾತ್ರಕ್ಕೆ ಎಲ್ಲವೂ ಹೊಸ ಕೋರ್ಸಿಗೆ ಒಗ್ಗುವುದಿಲ್ಲ. ಅರ್ಥಶಾಸ್ತ್ರದ ಪತ್ರಿಕೆಯನ್ನು ನಟನೆಯ ಪ್ರಾಯೋಗಿಕ ತರಗತಿಗೆ ಸಮ ಎಂದು ಯಾವ ವಿಭಾಗ ತಾನೇ ಒಪ್ಪೀತು? ಹೆಚ್ಚೆಂದರೆ ಭಾಷಾ ಪತ್ರಿಕೆಗಳು ಹೊಂದಿಕೆಯಾಗಬಹುದು.

ಇದರ ಜೊತೆಗೆ, ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಗಿದೆ. ಬೇರೆ ರಾಜ್ಯಕ್ಕೆ ಹೋಗುವವರು ನಿಮ್ಮ ಪಠ್ಯಕ್ರಮಕ್ಕೂ ಅಲ್ಲಿಯದಕ್ಕೂ ಎಷ್ಟು ಹೊಂದುತ್ತದೆ ಎಂದು ಆ ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಗೆ ಬರೆದು, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಫೋನಿನಲ್ಲಿ ಯಾರೋ 'ಆಗುತ್ತೆ ಬನ್ನಿ' ಎಂದದ್ದನ್ನು ನೆಚ್ಚಿಕೊಳ್ಳಬೇಡಿ.

ನನ್ನ ಸಲಹೆ ಇಷ್ಟು. ಮೊದಲ ವರ್ಷದಲ್ಲಿದ್ದರೆ ಬದಲಿಸಿ. ಒಂದು ವರ್ಷ ಹಿಂದೆ ಬಿದ್ದರೂ ಅಡ್ಡಿಯಿಲ್ಲ. ನಾಲ್ಕು ಸೆಮಿಸ್ಟರ್ ಮುಗಿದಿದ್ದರೆ ಉಳಿದ ಎರಡನ್ನೂ ಇಲ್ಲೇ ಮುಗಿಸಿ, ಪದವಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ನಾಟಕದ ಸ್ನಾತಕೋತ್ತರ ಕೋರ್ಸುಗಳಿಗೆ ಸೇರಲು ಪದವಿಯಲ್ಲೂ ನಾಟಕವನ್ನೇ ಓದಿರಬೇಕೆಂಬ ಕಟ್ಟುಪಾಡು ಎಲ್ಲ ಕಡೆ ಇಲ್ಲ.

ಎಲ್ಲಿಗೆ?

ರಾಜ್ಯದೊಳಗೆ ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ, ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗಗಳಿವೆ. ಹೊರಗೆ ಹೈದರಾಬಾದ್ ಮತ್ತು ಪುದುಚೇರಿಯ ಕೇಂದ್ರೀಯ ವಿಶ್ವವಿದ್ಯಾಲಯಗಳು, ತ್ರಿಶೂರಿನಲ್ಲಿರುವ ಕಲ್ಲಿಕೋಟೆ ವಿಶ್ವವಿದ್ಯಾಲಯದ ನಾಟಕ ಶಾಲೆ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶಕ್ಕೆ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ಪರೀಕ್ಷೆ ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಇರುವುದರಿಂದ ಕೊನೆಯ ವರ್ಷದವರು ಡಿಸೆಂಬರ್‌ನಿಂದಲೇ ಅರ್ಜಿಯ ಪ್ರಕಟಣೆ ನೋಡುತ್ತಿರಬೇಕು. ಇಲ್ಲಿನ ಸೆಮಿಸ್ಟರ್ ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡವರಿಗೆ ಅಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ.

ಇಷ್ಟು ದೂರ ಹೋಗುವ ಮೊದಲು ಇಲ್ಲೇ ಒಂದು ವರ್ಷ ತಾಲೀಮು ಪಡೆಯುವ ದಾರಿಯೂ ಇದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಕುಮಾರ ರಂಗಪ್ರಯೋಗ ಶಾಲೆ, ಸಾಗರದ ಬಳಿ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ, ಮೈಸೂರಿನ ರಂಗಾಯಣ ಮೂರರಲ್ಲೂ ಒಂದು ವರ್ಷದ ಡಿಪ್ಲೊಮಾ ಇದೆ. ಪದವಿ ಮುಗಿಸಿ ಇಂಥ ಕಡೆ ಒಂದು ವರ್ಷ ಇದ್ದು ಬಂದವರ ಮೈಯಲ್ಲಿ ಬರುವ ಶಿಸ್ತು ಆಡಿಷನ್ ಕೊಠಡಿಯಲ್ಲಿ ಮೊದಲ ನಿಮಿಷಕ್ಕೇ ಗೊತ್ತಾಗುತ್ತದೆ.

ರಂಗದ ಕಡತ ಕಟ್ಟಿಕೊಳ್ಳಿ

ಎಲ್ಲಕ್ಕಿಂತ ಮುಖ್ಯ ಕೆಲಸ ಇದೇ. ಎಲ್ಲರೂ ಕೊನೆಗೆ ನೂಕುವುದೂ ಇದನ್ನೇ. ರಾಷ್ಟ್ರೀಯ ನಾಟಕ ಶಾಲೆ ಕನಿಷ್ಠ ಆರು ನಾಟಕಗಳಲ್ಲಿ ಪಾಲ್ಗೊಂಡ ಅನುಭವ ಕೇಳುತ್ತದೆ, ಅದಕ್ಕೆ ಪುರಾವೆಯನ್ನೂ ಕೇಳುತ್ತದೆ. ನಮ್ಮ ಹವ್ಯಾಸಿ ತಂಡಗಳಲ್ಲಿ ಕರಪತ್ರ ಅಚ್ಚು ಹಾಕಿಸುವುದು ಈಗ ಅಪರೂಪ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಆಮಂತ್ರಣ ಮಾರನೇ ವಾರಕ್ಕೆ ಅಳಿಸಿಹೋಗಿರುತ್ತದೆ. ನಿರ್ದೇಶಕರು ಬೇರೆ ಊರಿಗೆ ಹೋಗುತ್ತಾರೆ, ತಂಡ ಒಡೆಯುತ್ತದೆ. ಹಾಗಾಗಿ ಇವತ್ತೇ ಶುರು ಮಾಡಿ.

ಪ್ರತಿ ನಾಟಕಕ್ಕೂ ಒಂದು ಹಾಳೆ ಇರಲಿ. ನಾಟಕದ ಹೆಸರು, ನಿರ್ದೇಶಕರು, ತಂಡ, ದಿನಾಂಕ, ಆಡಿದ ಜಾಗ, ನಿಮ್ಮ ಪಾತ್ರ ಅಥವಾ ಕೆಲಸ ಬರೆಯಿರಿ. ದುರ್ಗದ ತರಾಸು ರಂಗಮಂದಿರದಲ್ಲಿ ಆಡಿದ್ದೂ ಬರಲಿ, ಊರ ಜಾತ್ರೆಯಲ್ಲಿ ಚಪ್ಪರದ ಕೆಳಗೆ ಆಡಿದ್ದೂ ಬರಲಿ. ಪಾತ್ರ ಮಾಡದೆ ಬೆಳಕು ನೋಡಿಕೊಂಡಿದ್ದರೆ, ಪ್ರಸಾಧನಕ್ಕೆ ಕೈಜೋಡಿಸಿದ್ದರೆ, ಪರದೆ ಎಳೆದಿದ್ದರೆ ಅದನ್ನೂ ಬರೆಯಿರಿ; ನೇಪಥ್ಯದ ಕೆಲಸವನ್ನು ಮುಚ್ಚಿಡುವವರೇ ಹೆಚ್ಚು, ಆಯ್ಕೆ ಮಾಡುವವರು ಬೆಲೆ ಕೊಡುವುದು ಅದಕ್ಕೂ ಹೌದು. ಹಾಳೆಯ ಹಿಂದೆ ಆಮಂತ್ರಣ, ಪತ್ರಿಕೆಯ ತುಣುಕು, ಎರಡು ಫೋಟೊ ಸೇರಿಸಿ. ಒಂದರಲ್ಲಾದರೂ ಇಡೀ ರಂಗ ಕಾಣಬೇಕು. ನಿರ್ದೇಶಕರಿಂದ ಸಹಿ ಇರುವ ಪತ್ರ ಪಡೆಯಿರಿ. 'ಒಳ್ಳೆಯ ನಟ' ಎಂಬ ಒಂದು ಸಾಲಿಗಿಂತ ನೀವು ತಾಲೀಮಿಗೆ ಎಷ್ಟು ನಿಯಮಿತವಾಗಿ ಬರುತ್ತಿದ್ದಿರಿ, ಪಾತ್ರವನ್ನು ಹೇಗೆ ಕಟ್ಟಿದಿರಿ ಎಂದು ಅವರು ಬರೆದರೆ ಹತ್ತು ಪಟ್ಟು ಉಪಯೋಗ.

ವಿಡಿಯೊ ಕೇಳಿದರೆ ಹಾಡು ಸೇರಿಸಿ ಕತ್ತರಿಸಿದ ತುಣುಕು ಕಳಿಸಬೇಡಿ. ಸಭಾಂಗಣದ ಹಿಂದಿನಿಂದ ಸ್ಟ್ಯಾಂಡ್ ಮೇಲೆ ಇಟ್ಟ ಒಂದೇ ಕ್ಯಾಮೆರಾದಲ್ಲಿ ಎಲ್ಲೂ ತುಂಡರಿಸದೆ ತೆಗೆದ ಒಂದು ದೃಶ್ಯ ಸಾಕು.

ಇನ್ನು ತಾಲೀಮಿನ ನೋಟ್‌ಬುಕ್. ಈ ಪಾತ್ರದ ನಡಿಗೆ ಎಲ್ಲಿಂದ ಬಂತು, ಯಾವ ಮಾತು ಮೂರು ವಾರ ನಾಲಿಗೆಗೆ ಕೂರಲಿಲ್ಲ, ನಿರ್ದೇಶಕರು ಏನು ತಿದ್ದಿದರು, ಪ್ರದರ್ಶನದ ದಿನ ಪ್ರೇಕ್ಷಕರು ಎಲ್ಲಿ ಮೌನವಾದರು ಎಂದು ಬರೆದಿಟ್ಟ ಪುಟಗಳಿದ್ದರೆ, ಕಡತದಲ್ಲಿ ಅದಕ್ಕಿಂತ ತೂಕದ ವಸ್ತು ಇನ್ನೊಂದಿಲ್ಲ. ಪ್ರಮಾಣಪತ್ರ ಯಾರು ಬೇಕಾದರೂ ತರಬಹುದು. ಯೋಚಿಸುವ ನಟನೆಂದು ತೋರಿಸುವುದು ಈ ಪುಟಗಳು.

ಆಡಿಷನ್

ಒಂದಕ್ಕೊಂದು ದೂರವಿರುವ ಎರಡು ತುಣುಕು ಆರಿಸಿ, ಪ್ರತಿಯೊಂದೂ ಎರಡು ಮೂರು ನಿಮಿಷದ್ದು. ಒಂದಾದರೂ ನಿಮ್ಮ ಮನೆಯಲ್ಲಿ ಆಡುವ ಕನ್ನಡಕ್ಕೆ ಹತ್ತಿರವಿರಲಿ. ನಮ್ಮ ಕಡೆಯವರು ಗ್ರಂಥಸ್ಥ ಭಾಷೆಯ ದೊಡ್ಡ ಸ್ವಗತಗಳಿಗೆ ಬೇಗ ಮಾರುಹೋಗುತ್ತಾರೆ. ಇಪ್ಪತ್ತರ ಹುಡುಗಿ ತನ್ನ ವಯಸ್ಸಿನ, ತನ್ನ ಊರ ಹೆಣ್ಣುಮಗಳ ಮಾತನ್ನು ನಿಜವಾಗಿ ಆಡಿದರೆ ಕೊಠಡಿ ತಾನಾಗಿ ಕಿವಿಗೊಡುತ್ತದೆ.

ಕಂಪನಿ ನಾಟಕದ ಗಾಳಿ ಕುಡಿದು ಬೆಳೆದ ದಾವಣಗೆರೆಯವರಿಗೆ ಒಂದು ಬಲವಿದೆ. ಮೈಕ್ ಇಲ್ಲದೆಯೂ ಕೊನೆಯ ಸಾಲಿಗೆ ಮುಟ್ಟುವ ಕಂಠ ಅದು. ಅದನ್ನು ಬಿಡಬೇಡಿ. ಆದರೆ ಆಡಿಷನ್ ನಡೆಯುವುದು ಸಣ್ಣ ಕೊಠಡಿಯಲ್ಲಿ. ನೋಡುವವರು ನಾಲ್ಕು ಮಾರು ದೂರದಲ್ಲಿ ಕೂತಿರುತ್ತಾರೆ. ಅದೇ ಮಾತನ್ನು ಪಿಸುಗುಟ್ಟುವಷ್ಟು ಇಳಿಸಿಯೂ, ತುಂಬು ದನಿಗೆ ಏರಿಸಿಯೂ ಆಡಲು ಬರಬೇಕು. ಮನೆಯ ನಡುಮನೆಯಲ್ಲಿ ಅವ್ವನನ್ನೋ ಅಕ್ಕನನ್ನೋ ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡಿ. ಒಂದು ರಂಗಗೀತೆಯನ್ನು ಹಾರ್ಮೋನಿಯಂ ಇಲ್ಲದೆ, ನಿಮ್ಮದೇ ಶ್ರುತಿ ಹಿಡಿದು ಹಾಡಲು ಕಲಿಯಿರಿ. 'ಈಗ ಇದನ್ನೇ ಕೋಪದಲ್ಲಿ ಆಡು', 'ಕೂತುಕೊಂಡು ಆಡು' ಎಂದು ನಡುವೆ ಹೇಳುತ್ತಾರೆ. ತುಣುಕು ಚೆನ್ನಾಗಿದೆಯೇ ಎನ್ನುವುದಕ್ಕಿಂತ ನೀವು ಹೇಳಿದ್ದನ್ನು ತೆಗೆದುಕೊಂಡು ಬದಲಾಗಬಲ್ಲಿರಾ ಎಂದು ನೋಡುವುದಕ್ಕೆ ಅದು.

ಕನ್ನಡ ಬಾರದವರ ಮುಂದೆ ಕನ್ನಡದಲ್ಲೇ ಆಡಬೇಕಾದರೆ ಅಂಜಬೇಡಿ. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳುತ್ತಿದ್ದಾರೆ ಎಂದು ಮೊದಲು ಎರಡು ವಾಕ್ಯ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿ ಶುರು ಮಾಡಿ. ಯಾವ ಭಾಷೆಗೆ ಅವಕಾಶವಿದೆ ಎಂದು ಆ ವರ್ಷದ ಪ್ರಕಟಣೆಯಲ್ಲಿ ಮಾತ್ರ ನೋಡಿಕೊಳ್ಳಿ.

ಸಂದರ್ಶನದಲ್ಲಿ 'ನಿಮ್ಮ ಊರಿನಲ್ಲಿ ಯಾವ ರಂಗಭೂಮಿ ಇದೆ?' ಎಂದು ಕೇಳಿದರೆ ತಡವರಿಸಬಾರದು. ರಂಗನಟಿ ಚಿಂದೋಡಿ ಲೀಲಾ ಮತ್ತು ಅವರ ಮನೆತನದ ಕೆ.ಬಿ.ಆರ್. ನಾಟಕ ಕಂಪನಿ ದಾವಣಗೆರೆಯದು; ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. ವೃತ್ತಿ ರಂಗಭೂಮಿಗೆಂದೇ ಸರ್ಕಾರ ರೂಪಿಸಿದ ರಂಗಾಯಣ ಇರುವುದೂ ದಾವಣಗೆರೆಯಲ್ಲೇ. ಸಾಣೇಹಳ್ಳಿಯ ಶಿವಸಂಚಾರ 1997ರಿಂದ ನಾಟಕ ಹೊತ್ತು ನಾಡು ಸುತ್ತುತ್ತಿದೆ. ಹಳ್ಳಿಗಳಲ್ಲಿ ಬಯಲಾಟ ಇನ್ನೂ ಉಳಿದಿದೆ. ಓದಿಕೊಂಡು ಹೇಳಬೇಡಿ, ನವೆಂಬರ್‌ನಲ್ಲಿ ಸಾಣೇಹಳ್ಳಿಯ ನಾಟಕೋತ್ಸವಕ್ಕೆ ಹೋಗಿ, ಒಂದು ಬಯಲಾಟಕ್ಕೆ ರಾತ್ರಿಯಿಡೀ ಕೂತು ನೋಡಿ ಬಂದು ಹೇಳಿ.

ಕಾಗದಪತ್ರ, ಹಣ

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಹೆಸರು, ಇನಿಷಿಯಲ್ ಒಂದೇ ರೀತಿ ಇವೆಯೇ ನೋಡಿ. ಇಲ್ಲದಿದ್ದರೆ ಮೊದಲು ಅದನ್ನು ಸರಿಪಡಿಸಿ. ಡಿಜಿಲಾಕರ್ ಮೂಲಕ ಕ್ರೆಡಿಟ್ ಖಾತೆ ತೆರೆದು ಎಲ್ಲ ಸೆಮಿಸ್ಟರ್‌ಗಳ ಅಂಕ ಏರಿದೆಯೇ ಪರಿಶೀಲಿಸಿ. ಬ್ಯಾಕ್‌ಲಾಗ್ ಉಳಿಸಿಕೊಳ್ಳಬೇಡಿ. ಕೇಂದ್ರೀಯ ಸಂಸ್ಥೆಗಳಲ್ಲಿ ರಾಜ್ಯದ 2ಎ, 3ಬಿ ಪ್ರಮಾಣಪತ್ರ ನಡೆಯುವುದಿಲ್ಲ; ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದ್ದರೆ ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ಮಾಡಿಸಬೇಕು.

ಟಿ.ಸಿ. (ವರ್ಗಾವಣೆ ಪತ್ರ) ಕೊಡುವುದು ಕಾಲೇಜು, ಮೈಗ್ರೇಷನ್ ಸರ್ಟಿಫಿಕೇಟ್ ಕೊಡುವುದು ವಿಶ್ವವಿದ್ಯಾಲಯ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯವಾದ್ದರಿಂದ ಇದಕ್ಕೆ ತೋಳಹುಣಸೆಯ ಶಿವಗಂಗೋತ್ರಿಗೆ ಹೋಗಬೇಕು. ಹೊಸ ಕಡೆ ಸೀಟು ಖಚಿತವಾದ ಕಾಗದ ಕೈಗೆ ಬರುವವರೆಗೆ ಟಿ.ಸಿ. ತೆಗೆಯಬೇಡಿ.

ಮನೆಯವರು ಮೊದಲು ಕೇಳುವುದು ಖರ್ಚು. ಶುಲ್ಕ, ಹಾಸ್ಟೆಲ್, ಊಟ, ಆಡಿಷನ್‌ಗೆ ಓಡಾಟ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅಪ್ಪ ಅವ್ವನ ಮುಂದಿಡಿ. ಬಾಯಿಮಾತಿಗಿಂತ ಅದು ಅವರಿಗೆ ಧೈರ್ಯ ಕೊಡುತ್ತದೆ. ಎರಡು ಕಡೆ ಸೀಟು ಸಿಕ್ಕಿ ಒಂದನ್ನು ಬಿಡಬೇಕಾದರೆ, ಯುಜಿಸಿಯ 2018ರ ಸೂಚನೆಯಂತೆ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ರದ್ದು ಮಾಡಿದರೆ ಸಣ್ಣ ಪ್ರಕ್ರಿಯಾ ವೆಚ್ಚ ಕಳೆದು ಉಳಿದ ಶುಲ್ಕವೆಲ್ಲ ವಾಪಸು ಬರಬೇಕು. ಕೊನೆಯ ದಿನ ಕಳೆದು 30 ದಿನ ದಾಟಿದರೆ ಏನೂ ಬಾರದು. ಪ್ರವೇಶದ ವೇಳೆ ಮೂಲ ಪ್ರಮಾಣಪತ್ರಗಳನ್ನು ನೋಡಿ ಹಿಂದಿರುಗಿಸಬೇಕೇ ಹೊರತು ಇಟ್ಟುಕೊಳ್ಳುವಂತಿಲ್ಲ ಎಂದೂ ಅದೇ ಸೂಚನೆ ಹೇಳುತ್ತದೆ. ರಾಜ್ಯದೊಳಗೆ ಸೇರಿದವರು ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನದ ಅರ್ಜಿ ಹಾಕುವಾಗ ಹಳೆಯ ಕಾಲೇಜಿನ ಬದಲು ಹೊಸ ಕಾಲೇಜಿನ ವಿವರ ಬಂದಿದೆಯೇ ಎಂದು ನೋಡಿ, ಬಾರದಿದ್ದರೆ ಕೊನೆಯ ದಿನಾಂಕಕ್ಕೆ ಮೊದಲೇ ಹೊಸ ಕಾಲೇಜಿನ ಕಚೇರಿಯಲ್ಲಿ ತಿದ್ದಿಸಿಕೊಳ್ಳಿ.